ಮೊರಿಟ್ಸ್‌ಬುರ್ಗ್‌ನ ಕೊಂಬುಗಳಿಗೂ ಮೊದಲು ರಿಡಿಂಗರ್‌ನ ಚಿತ್ರ ನೋಡಿ

ಜರ್ಮನಿಯ ಡ್ರೆಸ್ಡೆನ್‌ಗೆ ಬಂದವರು ಅರ್ಧ ದಿನದಲ್ಲಿ ಮೊರಿಟ್ಸ್‌ಬುರ್ಗ್ ಬೇಟೆ ಅರಮನೆ ನೋಡಿ ಮುಗಿಸುವುದುಂಟು. ನೀವು ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ಕಾಗದದ ಮೇಲಿನ ಬೇಟೆ ಚಿತ್ರಗಳಿಗೆ, ಎರಡನೆಯದು ಅರಮನೆಯ ಜಿಂಕೆ ಕೊಂಬುಗಳಿಗೆ.

ಡ್ರೆಸ್ಡೆನ್ ಅರಮನೆಯಲ್ಲೇ 1720ರಲ್ಲಿ ಶುರುವಾದ ಮುದ್ರಣಚಿತ್ರಗಳ ಭಂಡಾರವಿದೆ. ಬೆಳಕಿಗೆ ಕಾಗದ ಹಾಳಾಗುವುದರಿಂದ ಎಲ್ಲವನ್ನೂ ಗೋಡೆಗೆ ಹಾಕಿರುವುದಿಲ್ಲ. ಯಾವ ಚಿತ್ರ ಬೇಕೆಂದು ಮೊದಲೇ ಬರೆದು ಸಮಯ ಗೊತ್ತುಮಾಡಿಕೊಳ್ಳಿ. ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ.

ಕೇಳಬೇಕಾದ್ದು ಆಗ್ಸ್‌ಬುರ್ಗ್‌ನ ಚಿತ್ರಕಾರ ಯೋಹಾನ್ ಎಲಿಯಾಸ್ ರಿಡಿಂಗರ್‌ನ (1698–1767) ಚಿತ್ರಗಳನ್ನು. ರಾಜರ ಬೇಟೆಯ ಸರಣಿಯನ್ನು ಅವನು 1729ರಲ್ಲಿ ಹೊರತಂದ. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಸಿಡ್‌ಗೆ ಇಳಿಸಿದರೆ ಗೀರಿದ ಕಡೆ ಮಾತ್ರ ಲೋಹ ಕೊರೆಯುತ್ತದೆ. ಆ ಕೊರಕಲಿಗೆ ಶಾಯಿ ತುಂಬಿ ಒತ್ತಬೇಕು. ಜಿಂಕೆಯ ಕುತ್ತಿಗೆಯ ಜೂಲನ್ನು ಭೂತಗನ್ನಡಿಯಲ್ಲಿ ನೋಡಿ, ಒಂದೊಂದು ಕೂದಲೂ ಬೇರೆ ಗೀರು. ನಾನು ಅದೊಂದರ ಮುಂದೆಯೇ ಬಹಳ ಹೊತ್ತು ಕೂತಿದ್ದೆ.

ಆಮೇಲೆ ಬೇಟೆಯ ಬಗೆ ಗಮನಿಸಿ. ಒಂದರಲ್ಲಿ ಒಂದೇ ಗಂಡು ಜಿಂಕೆಯನ್ನು ಕುದುರೆ, ನಾಯಿಗಳು ಅದು ಸೋತು ನಿಲ್ಲುವ ತನಕ ಅಟ್ಟುತ್ತವೆ. ಇನ್ನೊಂದರಲ್ಲಿ ಕಾಡಿನ ಸುತ್ತ ಬಟ್ಟೆಯ ಪರದೆ ಕಟ್ಟಿ, ಸೋವಿನವರು, ಅಂದರೆ ಸದ್ದು ಮಾಡಿ ಮಿಕ ಎಬ್ಬಿಸುವ ಆಳುಗಳು, ಮಿಕಗಳನ್ನೆಲ್ಲ ಒಂದೇ ಕಡೆ ನೂಕುತ್ತಾರೆ. ಮಂಟಪದಲ್ಲಿ ಕೂತ ದೊರೆ ಗುಂಡು ಹೊಡೆಯುತ್ತಾನೆ. ಇದನ್ನು ಬೇಟೆ ಎನ್ನಲು ನನಗೆ ಮನಸ್ಸು ಬರಲಿಲ್ಲ. ಕೈತಪ್ಪಿ ಹೋದದ್ದಕ್ಕೆ ಜರ್ಮನ್ನರು ಇಂದಿಗೂ ‘ಬಟ್ಟೆಚೂರುಗಳ ನಡುವೆ ನುಸುಳಿತು’ ಎನ್ನುವುದು ಬೇಟೆಯ ಇಂಥ ಬಟ್ಟೆಬೇಲಿಯಿಂದಲೇ ಬಂದ ಮಾತು.

ಮರುದಿನ ರಾಡೆಬೊಯ್ಲ್ ಈಸ್ಟ್ ನಿಲ್ದಾಣದಿಂದ ಉಗಿಬಂಡಿ ಹತ್ತಿ. 1884ರ ಹಳೆಯ ಕಿರುಹಳಿ, ನಿಧಾನ, ಆದರೆ ಕಾಡಿನೊಳಗೇ ಹೋಗುತ್ತದೆ. ಇಳಿದ ಮೇಲೆ ಅರಮನೆಗೆ ಅರ್ಧ ಗಂಟೆ ನಡಿಗೆ.

ಊಟದ ಸಾಲೆಯಲ್ಲಿ 71 ಜೋಡಿ ಕೊಂಬುಗಳಿವೆ. ಅತಿ ಭಾರದ್ದು ಸುಮಾರು 20 ಕೆಜಿ, ಅಗಲ ಹೆಚ್ಚುಕಡಿಮೆ 2 ಮೀಟರ್. ಇನ್ನೊಂದು ಸಾಲೆಯಲ್ಲಿ ವಿಕಾರವಾಗಿ ಬೆಳೆದ ಕೊಂಬುಗಳದ್ದೇ ಸಂಗ್ರಹ. 1696ರಲ್ಲಿ ಬ್ರಾಂಡೆನ್‌ಬುರ್ಗ್‌ನ ದೊರೆ ಹೊಡೆದ ಜಿಂಕೆಯ 66 ಕವಲಿನ ಕೊಂಬು ಅಲ್ಲಿದೆ. ಅದಕ್ಕಾಗಿ ಸ್ಯಾಕ್ಸನಿಯ ದೊರೆ ಆಗಸ್ಟಸ್ ಒಂದು ದಳ ಸೈನಿಕರನ್ನೇ ಕೊಟ್ಟನೆಂದು ಹೇಳುತ್ತಾರೆ. ಅದರ ಕೆಳಗೆ ನಿಂತಾಗ ನನ್ನ ಕಣ್ಣಿಗೆ ಕಟ್ಟಿದ್ದು ಹಿಂದಿನ ದಿನ ಕಂಡ ಸೋವಿನವರು. ಅರಮನೆಯ ಗೋಡೆಯ ಮೇಲೆ ಅವರ ಗುರುತಿಲ್ಲ.

ವಾಪಸಾಗಲು ಬಸ್ಸು ವೇಗ. ಬಂಡಿಯ ಕೊನೆಯ ಸಮಯ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.