ಬೆಳಕಿಂಡಿಯಲ್ಲಿ ಫೋನು, ಪಡಸಾಲೆಯಲ್ಲಿ ವೈಫೈ

ಇಲ್ಲಿ ಅಮೆರಿಕದ ಒಮಾಹಾದಲ್ಲಿ ಬೆಳಿಗ್ಗೆ ಎಂಟೂವರೆ ಆದಾಗ ಮಸ್ಕಿ ಹತ್ತಿರದ ನಮ್ಮೂರಲ್ಲಿ ರಾತ್ರಿ ಎಂಟು. ಇದು ಚಳಿಗಾಲದ ಲೆಕ್ಕ. ಬೇಸಿಗೆಯಲ್ಲಿ ಇಲ್ಲಿಯವರು ಗಡಿಯಾರ ಒಂದು ತಾಸು ಮುಂದಿಡುತ್ತಾರೆ, ಆಗ ಊರಲ್ಲಿ ಏಳು. ಆ ಹೊತ್ತಿಗೆ ಅವ್ವ ನಿಚ್ಚಣಿಕೆ ಹತ್ತಿ ಮಾಳಿಗೆ ಮೇಲೆ ಹೋಗಿ ನನ್ನ ಕರೆಗೆ ಕಾಯುತ್ತಿದ್ದಳು. ನಮ್ಮದು ಹಳೇ ಮಾಳಿಗೆ ಮನೆ, ಗೋಡೆ ಒಂದೂವರೆ ಮೊಳ ದಪ್ಪ, ಮೇಲೆ ಮಣ್ಣು. ಬಿಸಿಲು ಒಳಗೆ ಬರುವುದಿಲ್ಲ, ಸಿಗ್ನಲ್ಲೂ ಬರುವುದಿಲ್ಲ.

ನನ್ನ ಕಡೆಯೂ ಕತೆ ಬೇರೆ ಇರಲಿಲ್ಲ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವ ಕೆಲಸ ನನ್ನದು, ನೆಬ್ರಾಸ್ಕಾ, ಅಯೋವಾ, ಕಾನ್ಸಾಸ್ ಅಂತ ಸಣ್ಣ ಊರುಗಳಿಗೆ ಹೋಗಿ ಎರಡು ಮೂರು ವಾರ ಹೋಟೆಲ್‌ನಲ್ಲಿ ಇರಬೇಕು. ನಮ್ಮ ಕಡೆ ಜೋಳ ತೊಗರಿ ಇದ್ದಂತೆ ಇಲ್ಲಿ ಕಣ್ಣು ಹಾಯುವವರೆಗೆ ಮೆಕ್ಕೆಜೋಳ. ಹೋಟೆಲ್ ವೈಫೈಗೆ ಲ್ಯಾಪ್‌ಟಾಪು, ಫೋನು, ಟ್ಯಾಬ್ಲೆಟ್ ಎಲ್ಲದಕ್ಕೂ ಬೇರೆ ಬೇರೆಯಾಗಿ ರೂಮ್ ನಂಬರು, ಮನೆತನದ ಹೆಸರು ಕೊಟ್ಟು ಲಾಗಿನ್ ಆಗಬೇಕು. ಮರುದಿನ ಮತ್ತೆ ಅದೇ.

ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿದ ದಿನ ಯಾವ ಡ್ರಾಪ್ಸ್ ಎಷ್ಟು ಸಲ ಹಾಕಬೇಕು ಅಂತ ಡಾಕ್ಟರು ವಿಡಿಯೋದಲ್ಲಿ ಹೇಳುತ್ತಿದ್ದರು. ಮೂರು ಸಲ ಕಟ್ ಆಯಿತು. ಫೋನಿನ ನೆಟ್ ಹಂಚುವ ಹಾಟ್‌ಸ್ಪಾಟ್ ಹಾಕೋಣ ಅಂದರೆ ಸಿಗ್ನಲ್ ಇದ್ದದ್ದು ಬಾತ್‌ರೂಮಿನ ಕಿಟಕಿ ಹತ್ತಿರ ಮಾತ್ರ, ಲ್ಯಾಪ್‌ಟಾಪ್ ಇದ್ದದ್ದು ಮಂಚದ ಹತ್ತಿರ. ಅವತ್ತೇ ಕೂತು ಹುಡುಕಿ ಒಂದು ಟ್ರಾವೆಲ್ ರೂಟರ್ ತರಿಸಿದೆ. ಜಿಎಲ್ ಐನೆಟ್ ಕಂಪನಿಯದು, ಸುಮಾರು 80 ಡಾಲರ್ ಕೊಟ್ಟೆ. ಇಂಥವನ್ನು ಟಿಪಿ ಲಿಂಕ್ ಕೂಡ ಮಾಡುತ್ತದೆ.

ಅಂಗೈ ಅಗಲದ ಡಬ್ಬಿ ಅದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಊರಲ್ಲಿ ಎಲ್ಲರೂ ಕೇಳಿದ್ದು ಇದನ್ನೇ: ಇದು ತಾನಾಗಿ ನೆಟ್ ಹುಟ್ಟಿಸುವುದಿಲ್ಲ. ಹೋಟೆಲ್ ವೈಫೈ ಇರಲಿ, ಗೋಡೆಯ ಕೇಬಲ್ ಇರಲಿ, ಫೋನಿನ ಹಾಟ್‌ಸ್ಪಾಟ್ ಇರಲಿ, ಎಲ್ಲಿಂದಲಾದರೂ ಬಂದ ನೆಟ್ ತೆಗೆದುಕೊಂಡು ನಿಮ್ಮದೇ ಹೆಸರಿನ ವೈಫೈ ಮಾಡಿ ಹಂಚುತ್ತದೆ. ನನ್ನ ವೈಫೈ ಹೆಸರು 'ಮಸ್ಕಿ ಮನೆ'. ಎಲ್ಲಾ ಸಾಧನಗಳಿಗೂ ಒಂದೇ ಸಲ ಪಾಸ್‌ವರ್ಡ್ ಕೊಟ್ಟಿದ್ದು, ಈಗ ಯಾವ ಊರಿಗೆ ಹೋದರೂ ಅವು ಸುಮ್ನೆ ಸೇರಿಕೊಳ್ಳುತ್ತವೆ. ಹೋಟೆಲ್‌ನವರಿಗೆ ಕಾಣುವುದು ಒಂದೇ ಸಾಧನ, ಲಾಗಿನ್ನೂ ಒಂದೇ.

ಹಾಟ್‌ಸ್ಪಾಟ್‌ಗೂ ಇದಕ್ಕೂ ಸಂಬಂಧ ಏನು ಅಂದರೆ, ಫೋನನ್ನು ಎರಡು ರೀತಿ ಜೋಡಿಸಬಹುದು. ಒಂದು, ಫೋನಿನ ವೈಫೈಯನ್ನೇ ರೂಟರ್ ಹಿಡಿದು ಮುಂದೆ ಹಂಚುವುದು. ಒಂದೇ ತರಂಗ ಪಟ್ಟಿಯ, ಅಂದರೆ ಒಂದೇ ಬ್ಯಾಂಡ್‌ನ ಹಳೇ ರೂಟರ್ ಆದರೆ ಇದರಲ್ಲಿ ವೇಗ ಹೆಚ್ಚುಕಡಿಮೆ ಅರ್ಧ ಆಗುತ್ತದೆ, ಯಾಕಂದರೆ ಕೇಳುವುದೂ ಹೇಳುವುದೂ ಅದೇ ರೇಡಿಯೋ. 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಬ್ಯಾಂಡ್ ಇರುವುದನ್ನೇ ಕೊಳ್ಳಿ. ಇನ್ನೊಂದು, ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡುವುದು, ಅಂದರೆ ಫೋನಿನ ನೆಟ್ಟನ್ನು ಕೇಬಲ್ ಮೂಲಕವೇ ರೂಟರಿಗೆ ಕೊಡುವುದು. ನನಗೆ ಇದೇ ಇಷ್ಟ. ವೈಫೈ ಮೇಲೆ ಭಾರ ಬೀಳುವುದಿಲ್ಲ, ಫೋನಿಗೆ ಅದೇ ಕೇಬಲ್‌ನಲ್ಲಿ ಚಾರ್ಜೂ ಆಗುತ್ತದೆ, ಹಾಟ್‌ಸ್ಪಾಟ್ ತಾನಾಗಿ ಮಲಗಿಬಿಡುವ ಕಾಟವೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಫೋನನ್ನು ಸಿಗ್ನಲ್ ಇರುವ ಜಾಗದಲ್ಲಿ ಇಟ್ಟು ನೀವು ಬೇಕಾದಲ್ಲಿ ಕೂರಬಹುದು. ಇದು ಹೊಳೆದ ಮೇಲೆ ನನಗೆ ನೆನಪಾಗಿದ್ದು ನಮ್ಮ ಮನೆ.

ಹೋದ ಮೇ ತಿಂಗಳು ರಜೆಗೆ ಊರಿಗೆ ಹೋದಾಗ ರೂಟರ್ ಚೀಲದಲ್ಲೇ ಇತ್ತು. ಎರಡು ವಾರ ಊರಿಂದಲೇ ಕೆಲಸ ಮಾಡಬೇಕಿತ್ತು. ಮಾಳಿಗೆಗೆ ಬೆಳಕಿಂಡಿ ಇದೆಯಲ್ಲ, ನನ್ನ ಹಳೇ ಫೋನಿಗೆ ಅಪ್ಪನ ಸಿಮ್ ಹಾಕಿ ಅದರ ಅಂಚಿನಲ್ಲಿ ಇಟ್ಟೆ, ಎರಡು ಮೀಟರ್ ಕೇಬಲ್ ಇಳಿಬಿಟ್ಟು ಕೆಳಗೆ ಗೂಡಿನಲ್ಲಿ ರೂಟರ್ ಇಟ್ಟೆ. ಪಡಸಾಲೆಯಲ್ಲಿ ವೈಫೈ ಬಂತು! ಅಡುಗೆ ಮನೆಗೆ 5 ಗಿಗಾಹರ್ಟ್ಸ್ ತಲುಪಲಿಲ್ಲ, ಗೋಡೆ ತಡೆಯಿತು. 2.4 ತಲುಪಿತು.

ಮೊದಲ ದಿನವೇ ಎರಡು ತೊಂದರೆ. ಹನ್ನೊಂದು ಗಂಟೆಗೆ ರಾಯಚೂರು ಜಿಲ್ಲೆಯ ಬಿಸಿಲು ಬೆಳಕಿಂಡಿಯಿಂದ ನೇರ ಫೋನಿನ ಮೇಲೆ ಬಿತ್ತು, ಮುಟ್ಟಿದರೆ ಕೈ ಸುಡುವಷ್ಟು ಕಾದು ಚಾರ್ಜ್ ನಿಲ್ಲಿಸಿಬಿಟ್ಟಿತು. ಜಂತಿಯ ಪಕ್ಕ ನೆರಳಿಗೆ ಸರಿಸಿದೆ, ಸಿಗ್ನಲ್ ಒಂದು ಕಡ್ಡಿ ಕಡಿಮೆಯಾದರೂ ನಡೆಯಿತು. ಎರಡನೆಯದು ನನ್ನ ತಪ್ಪು. ಅಪ್ಪನ ಪ್ಯಾಕ್ ದಿನಕ್ಕೆ 2 ಜಿಬಿ, ಲ್ಯಾಪ್‌ಟಾಪು ಮನೆ ವೈಫೈ ಸಿಕ್ಕಿತು ಅಂದುಕೊಂಡು ವಿಂಡೋಸ್ ಅಪ್‌ಡೇಟ್ ಶುರು ಮಾಡಿತು. ಮಧ್ಯಾಹ್ನದೊಳಗೆ ಎಲ್ಲಾ ಖಾಲಿ, ಮುಂದೆ 64 ಕೆಬಿಪಿಎಸ್, ಒಂದು ಫೋಟೋ ಕೂಡ ಹೋಗಲಿಲ್ಲ. ವೈಫೈ ಸೆಟಿಂಗ್ಸ್‌ನಲ್ಲಿ 'ಮೀಟರ್ಡ್ ಕನೆಕ್ಷನ್' ಅಂತ ಇರುತ್ತದೆ, ಡೇಟಾಗೆ ಮಿತಿ ಇದೆ ಅಂತ ತಿಳಿಸುವುದು ಅದು, ಆನ್ ಮಾಡಿದ ಮೇಲೆ ಸರಿಹೋಯಿತು. ವಿಡಿಯೋ ಮೀಟಿಂಗ್ ತಾಸಿಗೆ ಸುಮಾರು 1 ಜಿಬಿ ತಿನ್ನುತ್ತದೆ. ನನ್ನ ಕೆಲಸ ಸಂಜೆ ಆರೂವರೆಯಿಂದ ರಾತ್ರಿ ಮೂರೂವರೆ ತನಕ, ಹನ್ನೆರಡಕ್ಕೆ ಹೊಸ ದಿನದ ಡೇಟಾ ಸೇರುತ್ತಿತ್ತು, ಹಾಗಾಗಿ ಸಾಕಾಯಿತು. ಅಮೆರಿಕದಲ್ಲಿ ಲೆಕ್ಕ ಬೇರೆ. ನನ್ನ ಪ್ಲಾನ್‌ಗೆ ಅನ್‌ಲಿಮಿಟೆಡ್ ಅಂತ ಹೆಸರು, ಆದರೆ ಹಾಟ್‌ಸ್ಪಾಟ್ ಡೇಟಾಗೆ ಬೇರೆ ಮಿತಿ, ಅದು ದಾಟಿದರೆ ನಿಧಾನ. ಅದಕ್ಕೇ ದೊಡ್ಡ ಡೌನ್‌ಲೋಡ್ ಎಲ್ಲಾ ಇಲ್ಲಿ ಹೋಟೆಲ್ ವೈಫೈನಲ್ಲೇ.

ಕರೆಂಟ್ ಹೋದರೆ? ರೂಟರ್ 5 ವೋಲ್ಟ್ ಯುಎಸ್‌ಬಿಯಲ್ಲಿ ನಡೆಯುತ್ತದೆ, 10,000 ಎಂಎಎಚ್ ಪವರ್ ಬ್ಯಾಂಕ್ ನನಗೆ ಐದಾರು ತಾಸು ಬಂತು. ಬೀದಿಯೆಲ್ಲಾ ಕತ್ತಲಿದ್ದಾಗಲೂ ನನ್ನ ಮೀಟಿಂಗ್ ನಿಲ್ಲಲಿಲ್ಲ. ಹಗಲಲ್ಲಿ ತಂಗಿ ಮಗಳು ಕಾಲೇಜಿನ ಅರ್ಜಿ ತುಂಬಿದಳು, ಪೇಟೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದು ತಪ್ಪಿತು.

ಹೊರಡುವಾಗ ರೂಟರನ್ನು ಅಲ್ಲೇ ಬಿಟ್ಟು ಬಂದೆ. ನನಗೆ ಇಲ್ಲಿ ಇನ್ನೊಂದು ತರಿಸಿಕೊಂಡೆ, ಅದಕ್ಕೂ ಅದೇ ಹೆಸರು, ಅದೇ ಪಾಸ್‌ವರ್ಡ್. ಬೆಳಕಿಂಡಿಯ ಫೋನ್ ಆಫ್ ಆಗಿ ಆನ್ ಆದರೆ ಟೆದರಿಂಗ್ ಮತ್ತೆ ಒತ್ತಬೇಕಾಗುತ್ತದೆ, ಅದನ್ನು ತಂಗಿ ಮಗಳು ನೋಡಿಕೊಳ್ಳುತ್ತಾಳೆ. ಅವ್ವ ಈಗ ನಿಚ್ಚಣಿಕೆ ಹತ್ತುವುದಿಲ್ಲ. ಮೊನ್ನೆ ಕರೆ ಮಾಡಿದಾಗ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಇಟ್ಟಿದ್ದಳು, ಮಾತಾಡುತ್ತಲೇ ಇನ್ನೆರಡು ರೊಟ್ಟಿ ಬಡಿದಳು.