ಆಟದ ಜಿಮ್ಮು, ಸಾಲಿನ ಜಿಮ್ಮು

ಹೋದ ತಿಂಗಳು ಒಂದು ಶನಿವಾರ ಮಗಳ ಜಿಮ್ನಾಸ್ಟಿಕ್ಸ್ ಕ್ಲಾಸು ಮುಗಿದ ಮೇಲೆ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. "ಪಾಪುಗೆ ಮೈ ಚೆನ್ನಾಗಿ ಬಗ್ಗುತ್ತೆ ಮೇಡಂ. ಇನ್ನೂ ಆಟದ ಬ್ಯಾಚಲ್ಲೇ ಯಾಕೆ? ದೊಡ್ಡ ಬ್ಯಾಚಿಗೆ ಹಾಕ್ಬಿಡಿ. ವಾರಕ್ಕೆ ಐದು ದಿನ, ಸಂಜೆ ಎರಡೆರಡು ಗಂಟೆ."

ಮಗಳಿಗೆ ಆಗ ನಾಲ್ಕು ವರ್ಷ ಎಂಟು ತಿಂಗಳು. ಕುವೆಂಪುನಗರಕ್ಕೆ ಸ್ಕೂಟರಲ್ಲಿ ವಾಪಸ್ ಬರುವಾಗ ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ರಾತ್ರಿ ಊಟಕ್ಕೆ ಕೂತಾಗ ಮನೆಯವರು, "ಒಲಿಂಪಿಕ್ಸ್‌ಗೆ ಹೋದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಶುರು ಮಾಡಿದ್ದೇ ಆರನೇ ವರ್ಷಕ್ಕಂತೆ, ನಮ್ಮವಳು ಅದಕ್ಕೂ ಮುಂಚೆ!" ಎಂದರು. ನನ್ನ ಅಪ್ಪ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರು ಚಿಕ್ಕಂದಿನಲ್ಲಿ ಗರಡಿಯಲ್ಲಿ ಸಾಮು ಮಾಡಿದವರು. ಕೈ ತೊಳೆದುಕೊಂಡು ಬಂದು ಹೇಳಿದರು: "ಐದಾರು ವರ್ಷದ ಹುಡುಗರು ಬಂದ್ರೆ ನಮ್ಮ ವಸ್ತಾದರು ಮಟ್ಟೀಲಿ ಸುಮ್ನೆ ಉರುಳಾಡೋಕೆ ಬಿಡೋರು ಕಣಮ್ಮ. ಮೊದ್ಲು ಮಣ್ಣಿನ ಭಯ ಹೋಗ್ಲಿ ಅಂತ. ಪಟ್ಟು ಕಲಿಸ್ತಿದ್ದದ್ದು ಆಮೇಲೆ." ಆಗ ನನಗೆ ಆ ಮಾತು ಹಿಡಿಸಲಿಲ್ಲ.

ಸೋಮವಾರ ಸಂಜೆ ಒಂದು ದಿನ ನೋಡೋಣ ಎಂದು ದೊಡ್ಡ ಬ್ಯಾಚಿಗೆ ಕರೆದುಕೊಂಡು ಹೋದೆ. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆ. ಮೊದಲ ಅರ್ಧ ಗಂಟೆ ಅವಳದ್ದೇ ದರ್ಬಾರು. ಬೀಮ್ ಅಂದರೆ ಮೇಲೆ ನಡೆದು ಕಸರತ್ತು ಮಾಡುವ ಉದ್ದನೆಯ ತೊಲೆ. ಪಂದ್ಯದ ಬೀಮಿನ ಅಗಲ ಬರೀ 10 ಸೆಂಟಿಮೀಟರ್, ಎತ್ತರ 125. ಚಿಕ್ಕವರಿಗಾಗಿ ಅಷ್ಟೇ ಅಗಲದ್ದೊಂದನ್ನು ನೆಲದ ಮೇಲೇ ಇಟ್ಟಿದ್ದರು. ಅದರ ಮೇಲೆ ಕಾಲ್ಬೆರಳಲ್ಲಿ ಹುಡುಕಿ ಹುಡುಕಿ ಹೆಜ್ಜೆ ಇಡುತ್ತಾ ಕೊನೆ ಮುಟ್ಟಿ ನನ್ನ ಕಡೆ ನೋಡಿ ನಕ್ಕಳು.

ಆಮೇಲೆ ಗೋಡೆಗೆ ಕಾಲು ಹಚ್ಚಿ ಕೈ ಮೇಲೆ ನಿಲ್ಲುವುದು. ಮೂವತ್ತು ಎಣಿಸುವವರೆಗೆ ಇಳಿಯುವ ಹಾಗಿಲ್ಲ. ಮೊದಲ ಸಲ ಹನ್ನೆರಡಕ್ಕೆ ಬಿದ್ದಳು. ಎರಡನೇ ಸಲ ಹದಿನೆಂಟು. ಮೂರನೇ ಸಲ ತುಟಿ ಕಚ್ಚಿಕೊಂಡು ಮೂವತ್ತೂ ಮುಗಿಸಿದಳು. ಕೋಚ್ "ಗುಡ್" ಎಂದು ಮುಂದಿನ ಮಗುವಿನ ಹತ್ತಿರ ಹೋದರು. ಇವಳು ಸಾಲಿನ ಕೊನೆಗೆ ಹೋಗಿ ನಿಂತು ತನ್ನ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಮನೆ ತಲುಪುವ ಮುಂಚೆಯೇ ನಿದ್ದೆ. ಹಾಸಿಗೆ ಮೇಲೆ ಮಲಗಿಸುವಾಗ ಅವಳ ಮಣಿಕಟ್ಟು ಕೆಂಪಾಗಿದ್ದದ್ದು ಕಂಡಿತು. ಬೆಳಿಗ್ಗೆ ಕೇಳಿದೆ, "ನಿನ್ನೆ ಕೈ ನೋವಾಯ್ತಾ ಪುಟ್ಟಿ?"

"ಹ್ಞೂಂ."

"ಹೇಳ್ಬೇಕಿತ್ತಲ್ವಾ?"

"ಯಾರೂ ಕೇಳ್ಲಿಲ್ವಲ್ಲ."

ದಿನಾ ಎದ್ದ ಕೂಡಲೇ ಹಾಸಿಗೆ ಮೇಲೊಂದು ಲಾಗ ಹಾಕುವ ಮಗು ಅವತ್ತು ಹಾಕಲಿಲ್ಲ. ಗುರುವಾರ ಬ್ಯಾಗು ಎತ್ತಿಕೊಂಡರೆ, "ಇವತ್ತು ಆಟದ ಜಿಮ್ಮಾ, ಸಾಲಿನ ಜಿಮ್ಮಾ?" ಎಂದು ಕೇಳಿದಳು. ಬ್ಯಾಗು ಕೆಳಗಿಟ್ಟೆ.

ಆ ವಾರವೆಲ್ಲ ನನ್ನ ತಲೆಯಲ್ಲಿ ಇದೇ. ಮೈ ಬಗ್ಗುತ್ತದೆ ಎನ್ನುವುದನ್ನೇ ನಾನು ದೊಡ್ಡ ಗುರುತು ಎಂದುಕೊಂಡಿದ್ದೆ. ನಾಲ್ಕು ವರ್ಷದ ಯಾವ ಮಗುವಿಗೆ ಮೈ ಬಗ್ಗುವುದಿಲ್ಲ? ಬೆಳೆಯುವ ಮಕ್ಕಳ ಮೂಳೆಗಳ ತುದಿಯಲ್ಲಿ ಮೂಳೆ ಉದ್ದವಾಗುವ ಜಾಗ ಇನ್ನೂ ಮೆತ್ತಗಿರುತ್ತದೆ. ಜಿಮ್ನಾಸ್ಟಿಕ್ಸ್ ಮಕ್ಕಳಲ್ಲಿ ಮಣಿಕಟ್ಟಿನ ಮೇಲೆ ಮತ್ತೆ ಮತ್ತೆ ಭಾರ ಬಿದ್ದು ಅಲ್ಲಿಗೇ ಪೆಟ್ಟಾಗುವುದುಂಟು. ನೋವಾದರೆ ನೋವು ಎಂದು ಬಾಯಿ ಬಿಟ್ಟು ಹೇಳಲು ಬಾರದ ಮಗುವನ್ನು ವಾರಕ್ಕೆ ಹತ್ತು ಗಂಟೆ ಅಲ್ಲಿ ಬಿಡಲು ನನಗೆ ಮನಸ್ಸು ಬರಲಿಲ್ಲ.

ಶನಿವಾರ ಹೋಗಿ ಹಾಗೇ ಹೇಳಿದೆ. ಕೋಚ್, "ಲೇಟಾಗುತ್ತೆ ಮೇಡಂ" ಎಂದರು. ಅವರ ಕಾಳಜಿಯೂ ಸುಳ್ಳಲ್ಲ. ಈ ಆಟದಲ್ಲಿ ಬೇಗ ಶುರು ಮಾಡುವವರೇ ಹೆಚ್ಚು. ಆದರೆ ಹುಡುಗಿಯರು ಸೀನಿಯರ್ ಅಂತರರಾಷ್ಟ್ರೀಯ ಸ್ಪರ್ಧೆಗೆ ಇಳಿಯಬೇಕಾದರೆ ಆ ವರ್ಷ 16 ತುಂಬಬೇಕು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ವಾಲ್ಟ್‌ನಲ್ಲಿ, ಅಂದರೆ ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವ ಸ್ಪರ್ಧೆಯಲ್ಲಿ, ನಾಲ್ಕನೆಯವರಾಗಿ, ಬರೀ 0.15 ಅಂಕದಲ್ಲಿ ಕಂಚು ಕಳೆದುಕೊಂಡಾಗ ದೀಪಾಗೆ 23. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿ ಹಾರಿದ್ದು 46ನೇ ವಯಸ್ಸಿನಲ್ಲಿ. ಇಷ್ಟು ಹೇಳಿದ ಮೇಲೆ, "ಒಂದೂವರೆ ವರ್ಷ ಕೊಡಿ ಸರ್" ಎಂದು ಕೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಆಟದ ಬ್ಯಾಚಿಗೇ ಶನಿವಾರದ ಜೊತೆ ಬುಧವಾರವೂ ಸೇರಿಕೊಂಡಿತು.

ದೊಡ್ಡ ಬ್ಯಾಚಿಗೆ ಯಾವಾಗ ಎಂದು ಅತ್ತೆ ಈಗಲೂ ಕೇಳುತ್ತಾರೆ. ಅದಕ್ಕೆ ನನ್ನ ಉತ್ತರ ಇದು: ಕ್ಲಾಸು ಮುಗಿದರೂ ಇನ್ನೊಂದು ಸಲ ಮಾಡ್ತೀನಿ ಎಂದು ಅವಳೇ ಹಟ ಹಿಡಿಯಬೇಕು. ಎರಡು ಮೂರು ಹಂತದ ಮಾತನ್ನು ಒಂದೇ ಸಲಕ್ಕೆ ಕೇಳಿ ಮಾಡಬೇಕು, ಬಿದ್ದರೆ ಅತ್ತು ಮತ್ತೆ ತಾನಾಗೇ ಸಾಲಿಗೆ ಹೋಗಬೇಕು. ಎಲ್ಲಕ್ಕಿಂತ ಮೊದಲು, ಸಾಕು ಎನ್ನುವುದನ್ನು ಕಲಿಯಬೇಕು. ಅದಕ್ಕಾಗಿ ಈಗ ದಿನಾ ನಾನೇ ಕೇಳುತ್ತೇನೆ: ಎಲ್ಲಿ ನೋವು, ಎಷ್ಟು ನೋವು.

ನಿನ್ನೆ ಸಂಜೆ ನಡುಮನೆಯ ಗೋಡೆಗೆ ಕಾಲು ಹಚ್ಚಿ ತಲೆಕೆಳಗಾಗಿ ನಿಂತಳು. ನಾನು ಒಂದು, ಎರಡು ಎಂದು ಶುರು ಮಾಡಿದೆ. "ಎಣಿಸ್ಬೇಡಮ್ಮ" ಎಂದಳು. ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ತಾನೇ ಇಳಿದು, ನನ್ನ ಅಪ್ಪನ ಹತ್ತಿರ ಹೋಗಿ ಕೈ ಚಾಚಿದಳು.

"ತಾತ, ಇಲ್ಲಿ ನೋವು. ಇಷ್ಟೇ ಇಷ್ಟು."