ಬಿಎನ್‌ಪಿಯೋ, ಎನ್‌ಟಿ-ಪ್ರೋಬಿಎನ್‌ಪಿಯೋ? ಅಂಕಿಗಿಂತ ಮೊದಲು ಹೆಸರು ನೋಡಿ

ರಿಪೋರ್ಟ್ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ದಪ್ಪಕ್ಷರದ ಅಂಕಿಯ ಮೇಲೆ. ಅದಕ್ಕೂ ಮೊದಲು ಪಕ್ಕದ ಹೆಸರು ಓದಿ. ಬಿಎನ್‌ಪಿ, ಎನ್‌ಟಿ-ಪ್ರೋಬಿಎನ್‌ಪಿ ಎರಡೂ ಹಾರ್ಟ್ ಫೇಲ್ಯೂರ್ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ) ಇದೆಯೇ ಎಂದು ನೋಡುವ ರಕ್ತಪರೀಕ್ಷೆಗಳು, ಆದರೆ ಬೇರೆ ಬೇರೆ. ಹೋದ ಸಲದ ಬಿಎನ್‌ಪಿಯನ್ನು ಈ ಸಲದ ಎನ್‌ಟಿ-ಪ್ರೋಬಿಎನ್‌ಪಿ ಜೊತೆ ಇಟ್ಟು ‘ಏರಿಬಿಟ್ಟಿದೆ’ ಎಂದು ಗಾಬರಿಯಾದರೆ ಅದು ಸೇರನ್ನೂ ಲೀಟರನ್ನೂ ಹೋಲಿಸಿದಂತೆ.

ಎರಡರ ಮೂಲವೂ ಒಂದೇ. ಹೃದಯದ ಕೆಳಕೋಣೆಯ ಗೋಡೆ ಒತ್ತಡಕ್ಕೆ ಹಿಗ್ಗಿದಾಗ ಅಲ್ಲಿನ ಜೀವಕೋಶಗಳು 108 ಅಮೈನೋ ಆಮ್ಲಗಳ ಪ್ರೋಬಿಎನ್‌ಪಿ ತಯಾರಿಸುತ್ತವೆ. ಅದು ತುಂಡಾದಾಗ 32ರ ತುಂಡು ಬಿಎನ್‌ಪಿ, 76ರದ್ದು ಎನ್‌ಟಿ-ಪ್ರೋಬಿಎನ್‌ಪಿ. ದುಡಿಯುವುದು ಬಿಎನ್‌ಪಿ: ಉಪ್ಪು-ನೀರು ಹೊರಹಾಕಿಸುತ್ತದೆ, ರಕ್ತನಾಳ ಸಡಿಲಿಸುತ್ತದೆ, ಸುಮಾರು 20 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಇನ್ನೊಂದು ಸುಮ್ಮನೆ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. (‘ಬಿ’ ಅಂದರೆ ಬ್ರೈನ್. 1988ರಲ್ಲಿ ಜಪಾನಿನ ಸಂಶೋಧಕರಿಗೆ ಇದು ಮೊದಲು ಸಿಕ್ಕಿದ್ದು ಹಂದಿಯ ಮೆದುಳಿನಲ್ಲಿ.)

ಬಿಎನ್‌ಪಿಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬೇ ಬೇಕು, ಅದೂ ಪ್ಲಾಸ್ಟಿಕ್‌ನದ್ದು. ತಣ್ಣಗಿಡದೆ ಗಂಟೆಗಟ್ಟಲೆ ಬಿಟ್ಟರೆ ಒಡೆದುಹೋಗಿ ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಸ್ಯಾಂಪಲ್ ದೂರದ ಲ್ಯಾಬ್‌ಗೆ ಹೋಗುವುದಾದರೆ ಎನ್‌ಟಿ-ಪ್ರೋಬಿಎನ್‌ಪಿಯೇ ವಾಸಿ.

ಸಾಕ್ಯುಬಿಟ್ರಿಲ್-ವಾಲ್ಸಾರ್ಟನ್ ಎಂಬ ಹಾರ್ಟ್ ಫೇಲ್ಯೂರ್ ಮಾತ್ರೆ ನಡೆಯುತ್ತಿದ್ದರೂ ಎನ್‌ಟಿ-ಪ್ರೋಬಿಎನ್‌ಪಿಯನ್ನೇ ಮಾಡಿಸಬೇಕು. ಬಿಎನ್‌ಪಿಯನ್ನು ಕತ್ತರಿಸುವ ನೆಪ್ರಿಲೈಸಿನ್ ಕಿಣ್ವವನ್ನು ಸಾಕ್ಯುಬಿಟ್ರಿಲ್ ತಡೆಯುತ್ತದೆ. ಹಾಗಾಗಿ ರೋಗಿ ಸುಧಾರಿಸುತ್ತಿದ್ದರೂ ಬಿಎನ್‌ಪಿ ಏರಬಹುದು. ಎನ್‌ಟಿ-ಪ್ರೋಬಿಎನ್‌ಪಿಗೆ ಆ ಕಿಣ್ವದ ಗೊಡವೆಯಿಲ್ಲ.

ಇನ್ನು ಅಂಕಿ. ಏದುಸಿರಿನಿಂದ ಎಮರ್ಜೆನ್ಸಿಗೆ ಬಂದವರಲ್ಲಿ ಎನ್‌ಟಿ-ಪ್ರೋಬಿಎನ್‌ಪಿ 300 ಪಿಕೋಗ್ರಾಂ/ಎಂಎಲ್‌ಗಿಂತ (ಬಿಎನ್‌ಪಿ ಆದರೆ 100) ಕಡಿಮೆಯಿದ್ದರೆ ಹಾರ್ಟ್ ಫೇಲ್ಯೂರ್ ಬಹುಮಟ್ಟಿಗೆ ಅಲ್ಲ. ಎನ್‌ಟಿ-ಪ್ರೋಬಿಎನ್‌ಪಿ ನೋಡಿ ಹೌದು ಎನ್ನಲು ವಯಸ್ಸು ಬೇಕು: 50ರೊಳಗೆ 450, 50ರಿಂದ 75ರವರೆಗೆ 900, ಮೇಲ್ಪಟ್ಟವರಿಗೆ 1,800. ಅಂದರೆ 1,100 ಎಂಬ ಒಂದೇ ಅಂಕಿ 45ರವರಲ್ಲಿ ಹೌದೆನ್ನುತ್ತದೆ, 78ರ ಅಜ್ಜನಲ್ಲಿ ಏನನ್ನೂ ಖಚಿತವಾಗಿ ಹೇಳುವುದಿಲ್ಲ, ಎಕೋ (ಹೃದಯದ ಸ್ಕ್ಯಾನ್) ನೋಡಲೇಬೇಕು. ಒಪಿಡಿಗೆ ನಡೆದು ಬಂದವರಿಗೆ ಈ ಪಟ್ಟಿಯಲ್ಲ. ಅಲ್ಲಿ ‘ಹಾರ್ಟ್ ಫೇಲ್ಯೂರ್ ಅಲ್ಲ’ ಎಂದು ಬಿಡುವ ಗಡಿ ಎನ್‌ಟಿ-ಪ್ರೋಬಿಎನ್‌ಪಿಗೆ 125, ಬಿಎನ್‌ಪಿಗೆ 35.

ಕಿಡ್ನಿ ತೊಂದರೆ, ಏಟ್ರಿಯಲ್ ಫಿಬ್ರಿಲೇಶನ್ (ಹೃದಯ ಬಡಿತದ ತಾಳ ತಪ್ಪುವ ತೊಂದರೆ) ಇದ್ದರೆ ಅಂಕಿ ಮೇಲೇರುತ್ತದೆ. ಬೊಜ್ಜು ಅದನ್ನು ತಗ್ಗಿಸುತ್ತದೆ, ಹೆಚ್ಚು ಮೋಸ ಹೋಗುವುದು ಇಲ್ಲೇ: ತೂಕ ಜಾಸ್ತಿ, ಕಾಲು ಬಾತಿದೆ, ರಿಪೋರ್ಟ್ ಮಾತ್ರ ‘ನಾರ್ಮಲ್’. ಕೂದಲಿಗೆಂದು ನುಂಗುವ 5–10 ಮಿಲಿಗ್ರಾಂ ಬಯೋಟಿನ್ ಕೂಡ ಕೆಲವು ಯಂತ್ರಗಳಲ್ಲಿ ಅಂಕಿಯನ್ನು ಕೆಳಗಿಳಿಸಬಲ್ಲದು. ರಕ್ತ ಕೊಡುವ ಮುಂಚೆ ಅದನ್ನು ಹೇಳಿ.

ಏರಿಳಿತದ ವಿಷಯಕ್ಕೆ ಬಂದರೆ, ಎನ್‌ಟಿ-ಪ್ರೋಬಿಎನ್‌ಪಿ 4,200 ಇದ್ದದ್ದು 3,700 ಆದರೆ ಅದು ಬರೀ ದಿನದಿನದ ಓಲಾಟವಿರಬಹುದು. 2,900ಕ್ಕೆ ಬಂದರೆ ಶೇ. 30 ದಾಟಿತು, ಅದನ್ನು ನಂಬಬಹುದು. ಹಾಗೆಂದು ಅಂಕಿಯನ್ನೇ ಗುರಿಯಾಗಿಟ್ಟು ಔಷಧಿ ಏರಿಸುವುದೂ ಫಲ ಕೊಡಲಿಲ್ಲ: ಎನ್‌ಟಿ-ಪ್ರೋಬಿಎನ್‌ಪಿಯನ್ನು 1,000ದ ಕೆಳಗಿಳಿಸಲು ಹೊರಟ ಗೈಡ್-ಐಟಿ ಪ್ರಯೋಗ ಮಾಮೂಲಿ ಚಿಕಿತ್ಸೆಗಿಂತ ಮೇಲೆಂದು ತೋರಿಸಲಾಗದೆ ಅರ್ಧದಲ್ಲೇ ನಿಂತಿತು, ಫಲಿತಾಂಶ 2017ರಲ್ಲಿ ಪ್ರಕಟವಾಯಿತು.